ಯಾವುದಕ್ಕೆ ವಾಸನೆ ಬರಲ್ಲ ಸಾರ್?

(ಪ್ರೌಢಶಾಲೆ ಮತ್ತು ಕಾಲೇಜು ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಒಂದು ಚೀಟಿಯಿಂದ ಶುರುಮಾಡುತ್ತೇನೆ. ನೋಟ್‌ಬುಕ್ಕಿನ ಹಾಳೆಯ ಮೂಲೆ ಹರಿದು, ನಾಲ್ಕು ಮಡಿಕೆ ಮಡಚಿದ್ದ ಚೀಟಿ. ಬಹಳ ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಮಾದಕ ವಸ್ತುಗಳ ಬಗ್ಗೆ ನನ್ನ ಪೂರ್ತಿ ಪ್ರದರ್ಶನ ಮುಗಿಸಿದ್ದೆ. ಪ್ರದರ್ಶನ ಅಂತಲೇ ಹೇಳಬೇಕು. ಕಪ್ಪುಗಟ್ಟಿದ ಶ್ವಾಸಕೋಶ, ಹುಣ್ಣಾದ ಬಾಯಿ, ಗಂಟುಗಟ್ಟಿದ ಯಕೃತ್ತು, ಎಲ್ಲ ಚಿತ್ರಗಳೂ ಪರದೆ ತುಂಬ. ಆಮೇಲೆ ಮಾದಕ ವಸ್ತುಗಳ ಪಟ್ಟಿ: ಇದನ್ನು ಸೇದುತ್ತಾರೆ, ಇದನ್ನು ನುಂಗುತ್ತಾರೆ, ಇದರ ಅಮಲು ಇಷ್ಟು ಹೊತ್ತು ಇರುತ್ತದೆ. ಕೊನೆಯಲ್ಲಿ ಒಂದು ಡಬ್ಬಿ ಇಟ್ಟು, ಹೆಸರು ಬರೆಯದೆ ಪ್ರಶ್ನೆ ಹಾಕಿ ಅಂದೆ. ಸ್ಟಾಫ್ ರೂಮಿಗೆ ಬಂದು ಡಬ್ಬಿ ಬಿಚ್ಚಿದರೆ ಬಹುಪಾಲು 'ಥ್ಯಾಂಕ್ಯೂ ಸಾರ್, ತುಂಬಾ ಚೆನ್ನಾಗಿತ್ತು.' ಒಂದರಲ್ಲಿ ಮಾತ್ರ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಇವುಗಳಲ್ಲಿ ಯಾವುದಕ್ಕೆ ವಾಸನೆ ಬರಲ್ಲ ಸಾರ್?'

ಮೊದಲು ಸಿಟ್ಟು ಬಂತು, ಆಮೇಲೆ ನಗು. ರಾತ್ರಿ ಮಲಗಿದಾಗ ಹೊಳೆಯಿತು, ಇಡೀ ಸಭೆಯಲ್ಲಿ ಅತ್ಯಂತ ಗಮನವಿಟ್ಟು ಕೇಳಿದವನು ಅವನೇ. ಅಥವಾ ಅವಳೇ, ಗೊತ್ತಿಲ್ಲ. ಒಂದು ಗಂಟೆ ಬೆವರು ಸುರಿಸಿ ನಾನು ಆ ಮಗುವಿನ ಕೈಗೆ ಒಂದು ಮೆನು ಕಾರ್ಡ್ ಕೊಟ್ಟು ಬಂದಿದ್ದೆ.

ಇದು ನನ್ನೊಬ್ಬನ ಪೆದ್ದುತನ ಅಂತ ಬಹಳ ದಿನ ಅಂದುಕೊಂಡಿದ್ದೆ. ಓದಿ ನೋಡಿದಾಗ ಸ್ವಲ್ಪ ಸಮಾಧಾನವಾಯಿತು, ದೊಡ್ಡದೊಡ್ಡವರೂ ಇಲ್ಲೇ ಎಡವಿದ್ದಾರೆ. 1983ರಲ್ಲಿ ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ, ಮಕ್ಕಳನ್ನು ಮಾದಕ ವಸ್ತುಗಳಿಂದ ದೂರ ಇಡಲು ಡೇರ್ ಎಂಬ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರ ಹಾಕಿದ ಪೊಲೀಸರು ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಪೋಷಕರಿಗೆ ಇಷ್ಟ, ಶಾಲೆಗಳಿಗೆ ಇಷ್ಟ, ಪೊಲೀಸರಿಗೂ ಇಷ್ಟ. ದೇಶದ ಉದ್ದಗಲಕ್ಕೆ ಹಬ್ಬಿತು. ವರ್ಷಗಳು ಕಳೆದ ಮೇಲೆ ಸಂಶೋಧಕರು ಆ ಪಾಠ ಕೇಳಿದ ಮಕ್ಕಳನ್ನೂ ಕೇಳದ ಮಕ್ಕಳನ್ನೂ ಹೋಲಿಸಿ ನೋಡಿದರು. ಮತ್ತೆ ಮತ್ತೆ ಸಿಕ್ಕಿದ್ದು ಒಂದೇ ಉತ್ತರ: ವ್ಯತ್ಯಾಸ ಇಲ್ಲ ಅನ್ನುವಷ್ಟು ಕಡಿಮೆ. ಆಮೇಲೆ ಆ ಪಠ್ಯವನ್ನೇ ಬದಲಾಯಿಸಬೇಕಾಯಿತು. 1998ರಿಂದ ಅದೇ ದೇಶದ ಸರ್ಕಾರ ಮಾದಕ ವಸ್ತು ವಿರೋಧಿ ಜಾಹೀರಾತುಗಳಿಗೆ ನೂರು ಕೋಟಿ ಡಾಲರಿಗೂ ಹೆಚ್ಚು ಸುರಿಯಿತು. ಗಾಂಜಾ ಸೇದುವ ಹುಡುಗರ ಸಂಖ್ಯೆ ಅದರಿಂದ ಇಳಿಯಿತು ಅನ್ನಲು ಆಧಾರ ಸಿಗಲಿಲ್ಲ. ಅಧ್ಯಯನ ಮಾಡಿದವರು ಊಹಿಸಿದ ಒಂದು ಕಾರಣ ನಮ್ಮ ಕೆಲಸಕ್ಕೆ ಬಹಳ ಮುಖ್ಯ. ದಿನಾ ಅದೇ ಮಾತು ಕಿವಿಗೆ ಬಿದ್ದರೆ ಹುಡುಗರು 'ಓಹೋ, ಎಲ್ಲರೂ ಸೇದುತ್ತಿದ್ದಾರೆ, ನಾನೇ ಹಿಂದೆ ಬಿದ್ದಿದ್ದೀನಿ' ಅಂದುಕೊಳ್ಳಬಹುದು.

ಮೇ 31ಕ್ಕೆ ತಂಬಾಕು ವಿರೋಧಿ ದಿನ ಇದೆ, ಜೂನ್ 26ಕ್ಕೆ ಮಾದಕ ವಸ್ತು ವಿರೋಧಿ ದಿನ ಇದೆ. ನೀವೆಲ್ಲ ಆ ಎರಡು ದಿನ ಯಾರನ್ನಾದರೂ ಕರೆಸಿ ಭಾಷಣ ಮಾಡಿಸುತ್ತೀರಿ. ಎಷ್ಟೋ ಸಲ ನನ್ನನ್ನೇ ಕರೆದಿದ್ದೀರಿ. ಬೇಡ ಅನ್ನುವುದಿಲ್ಲ. ಆದರೆ ಆ ಒಂದು ಗಂಟೆಯಲ್ಲಿ ಏನು ಹೇಳುತ್ತೇವೆ ಅನ್ನುವುದರ ಬಗ್ಗೆ ಇವತ್ತು ಮಾತಾಡೋಣ.

ಹೆದರಿಕೆ ಯಾಕೆ ನಾಟುವುದಿಲ್ಲ? ಹದಿನೈದು ವರ್ಷದವನಿಗೆ ಸಾವು ಗೊತ್ತಿಲ್ಲ ಅಂತಲ್ಲ, ಚೆನ್ನಾಗಿ ಗೊತ್ತು. ಆದರೆ ನಾವು ತೋರಿಸುವ ಕ್ಯಾನ್ಸರ್ ಐವತ್ತನೇ ವಯಸ್ಸಿನದು. ಅವನ ಲೆಕ್ಕದಲ್ಲಿ ಐವತ್ತು ಅಂದರೆ ಹೇಗಿದ್ದರೂ ಮುಗಿದ ಕಥೆ. ನಿಮ್ಮ ಮುಖ ನೋಡಿ ಹೇಳುತ್ತಿಲ್ಲ, ಬೇಜಾರಾಗಬೇಡಿ. ಹಣೆಯ ಹಿಂದೆ ಇರುವ ಮಿದುಳಿನ ಭಾಗ, ಅಂದರೆ ತಾಳು ಎಂದು ಹೇಳುವ, ಮುಂದಿನದನ್ನು ತೂಗಿ ನೋಡುವ ಭಾಗ, ಪೂರ್ತಿ ಬಲಿಯುವುದು ಸುಮಾರು 25ನೇ ವಯಸ್ಸಿಗೆ. 'ಬೇಕು, ಈಗಲೇ ಬೇಕು' ಅನ್ನುವ ಭಾಗ ಅದಕ್ಕಿಂತ ಎಷ್ಟೋ ಮೊದಲೇ ಜೋರಾಗಿ ಕೆಲಸ ಶುರುಮಾಡಿರುತ್ತದೆ. ಈ ಸ್ಥಿತಿಯಲ್ಲಿರುವ ಹುಡುಗನಿಗೆ ಮೂವತ್ತೈದು ವರ್ಷ ಆಚೆಯ ಹುಣ್ಣಿಗಿಂತ ಇವತ್ತು ಸಂಜೆ ಗೆಳೆಯರು ನಕ್ಕುಬಿಡುತ್ತಾರಲ್ಲ ಅನ್ನುವುದೇ ದೊಡ್ಡ ಅಪಾಯ.

ಹೆದರಿಕೆಗೆ ಇನ್ನೊಂದು ಮಗ್ಗಲು ಇದೆ. ಅದೇ ಡಬ್ಬಿಯಲ್ಲಿ ಮುಂದೊಂದು ವರ್ಷ ಬಂದ ಚೀಟಿ: 'ಬಿಟ್ಟರೆ ಶ್ವಾಸಕೋಶ ಮತ್ತೆ ಸರಿಹೋಗುತ್ತಾ? ನಮ್ಮಪ್ಪನಿಗೆ 39.' ಕಪ್ಪು ಶ್ವಾಸಕೋಶದ ಚಿತ್ರ ಹಾಕುವಾಗ ನಾನು ಆ ಮಗುವಿನ ಬಗ್ಗೆ ಯೋಚಿಸಿಯೇ ಇರಲಿಲ್ಲ. ನಿಮ್ಮ ತರಗತಿಯಲ್ಲೂ ಸೇದುವ ಅಪ್ಪ, ಕುಡಿಯುವ ಅಣ್ಣ, ತಂಬಾಕು ಜಗಿಯುವ ಅಜ್ಜಿ ಇರುವ ಮಕ್ಕಳು ಇದ್ದೇ ಇರುತ್ತಾರೆ. 'ಸೇದುವವರು ಸಾಯುತ್ತಾರೆ' ಅಂತ ನಾವು ಸಲೀಸಾಗಿ ಹೇಳಿ ಚಹಾ ಕುಡಿಯಲು ಹೋಗುತ್ತೇವೆ. ಆ ಮಗು ಮನೆಗೆ ಹೋಗಿ ಅಪ್ಪನ ಮುಖ ನೋಡುತ್ತದೆ.

ಆ ಚೀಟಿಗೆ ಉತ್ತರ ಇದೆ, ಅದೂ ಒಳ್ಳೆಯ ಉತ್ತರ. ಬ್ರಿಟನ್ನಿನ ರಿಚರ್ಡ್ ಡಾಲ್ ಎಂಬ ವೈದ್ಯರ ಕಥೆ ಇದು, ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಶ್ವಾಸಕೋಶದ ಕ್ಯಾನ್ಸರ್ ಯಾಕೆ ಇಷ್ಟು ಏರುತ್ತಿದೆ ಎಂದು ಹುಡುಕಲು ಹೊರಟಾಗ ಅವರ ಅನುಮಾನ ಇದ್ದದ್ದು ರಸ್ತೆಗೆ ಹಾಕುವ ಡಾಂಬರಿನ ಮೇಲೆ, ಮೋಟಾರು ಹೊಗೆಯ ಮೇಲೆ. ಅವರೇ ಸಿಗರೇಟು ಸೇದುತ್ತಿದ್ದರು. ರೋಗಿಗಳ ಮಾಹಿತಿ ಕೂಡಿಸುತ್ತ ಹೋದಂತೆ ಬೆರಳು ಸಿಗರೇಟಿನ ಕಡೆಗೇ ತೋರಿಸತೊಡಗಿತು. ಡಾಲ್ ಸಿಗರೇಟು ಬಿಟ್ಟರು. 1950ರಲ್ಲಿ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಜೊತೆ ಸೇರಿ ವರದಿ ಪ್ರಕಟಿಸಿದರು. ಅಷ್ಟಕ್ಕೇ ನಿಲ್ಲಲಿಲ್ಲ. 1951ರಲ್ಲಿ ಬ್ರಿಟನ್ನಿನ ವೈದ್ಯರಿಗೇ ಪತ್ರ ಬರೆದು, ನೀವು ಸೇದುತ್ತೀರಾ ಎಂದು ಕೇಳಿ, ಉತ್ತರ ಕೊಟ್ಟವರನ್ನು 50 ವರ್ಷ ಬೆನ್ನುಹತ್ತಿದರು. 2004ರಲ್ಲಿ ಬಂದ ಲೆಕ್ಕ ಇದು: ಸೇದುತ್ತಲೇ ಇದ್ದವರು ಸರಾಸರಿ 10 ವರ್ಷ ಆಯುಸ್ಸು ಕಳೆದುಕೊಂಡರು. 60ಕ್ಕೆ ಬಿಟ್ಟವರಿಗೆ ಅದರಲ್ಲಿ 3 ವರ್ಷ ವಾಪಸ್ಸು ಸಿಕ್ಕಿತು, 50ಕ್ಕೆ ಬಿಟ್ಟವರಿಗೆ 6, 40ಕ್ಕೆ ಬಿಟ್ಟವರಿಗೆ 9. ಮೂವತ್ತಕ್ಕೆ ಬಿಟ್ಟವರಿಗೆ ಹೆಚ್ಚುಕಡಿಮೆ ಪೂರ್ತಿ ಹತ್ತೂ.

ಈ ನಾಲ್ಕು ಅಂಕಿಗಳನ್ನು ನಾನೀಗ ಎಲ್ಲ ಕಡೆ ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಪರೀಕ್ಷೆಗೆ ಬರುವುದಿಲ್ಲ ಅಂತ ಗೊತ್ತಿದ್ದೂ ಬರೆದುಕೊಳ್ಳುತ್ತಾರೆ. ಯಾರಿಗೆ ತೋರಿಸಲು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮಕ್ಕಳಿಗೆ ಹೇಳಬೇಕಾದ್ದು ಏನು? ಹತ್ತಿರದ ಸತ್ಯ. ಇವತ್ತಿನ, ಈ ವಾರದ ಸತ್ಯ. ನಿಕೋಟಿನ್ ಒಂದನ್ನೇ ಬಿಡಿಸಿ ನೋಡೋಣ, ಯಾಕೆಂದರೆ ಇದನ್ನು ಸರಿಯಾಗಿ ಹೇಳಿದರೆ ಉಳಿದದ್ದು ಅರ್ಧ ಹೇಳಿದಂತೆ. ಹೊಗೆ ಒಳಗೆಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿಗೆ ಮುಟ್ಟುತ್ತದೆ. ಅಲ್ಲಿ ಡೋಪಮಿನ್ ಬಿಡುಗಡೆಯಾಗುತ್ತದೆ. ಮಿದುಳು 'ಇದು ಚೆನ್ನಾಗಿದೆ, ನೆನಪಿಟ್ಟುಕೋ' ಅಂತ ಬರೆದಿಟ್ಟುಕೊಳ್ಳುವುದು ಆ ಡೋಪಮಿನ್ ಮೂಲಕ. ಒಂದು ಸಿಗರೇಟಿಗೆ ಹತ್ತು ದಮ್ಮು ಅಂತ ಹಿಡಿಯಿರಿ, ದಿನಕ್ಕೆ ಒಂದು ಪ್ಯಾಕು ಇಪ್ಪತ್ತು. ದಿನಕ್ಕೆ 200 ಸಲ ಒಂದೇ ಪಾಠ. ನಾವು ಯಾವ ಪಾಠವನ್ನು ಮಕ್ಕಳಿಗೆ ದಿನಕ್ಕೆ 200 ಸಲ ಹೇಳಿಕೊಡುತ್ತೇವೆ ಹೇಳಿ? ಮಗ್ಗಿಯನ್ನೂ ಇಲ್ಲ.

ಸುಮಾರು ಎರಡು ಗಂಟೆಗೆ ರಕ್ತದಲ್ಲಿರುವ ನಿಕೋಟಿನ್ ಅರ್ಧಕ್ಕಿಳಿಯುತ್ತದೆ. ರೂಢಿಯಾದವನಿಗೆ ಚಡಪಡಿಕೆ ಶುರು. ಸಿಟ್ಟು, ಗಮನ ನಿಲ್ಲದು, ಪುಸ್ತಕದ ಒಂದೇ ಸಾಲನ್ನು ಮೂರು ಸಲ ಓದುತ್ತಾನೆ. ಒಂದು ಸೇದಿದ ತಕ್ಷಣ ಎಲ್ಲ ತಣ್ಣಗಾಗುತ್ತದೆ. ಅವನು ಬಂದು ನಿಮಗೆ ಹೇಳುವುದು, 'ಟೆನ್ಷನ್ ಕಡಿಮೆಯಾಗುತ್ತೆ ಸಾರ್, ಓದಲು ಗಮನ ಕೊಡಕ್ಕಾಗುತ್ತೆ.' ಸುಳ್ಳು ಹೇಳುತ್ತಿಲ್ಲ ಅವನು. ಅವನಿಗೆ ಆದ ಅನುಭವ ಅದೇ. ಆದರೆ ಈ ಸಿಗರೇಟು ಇಳಿಸಿದ ಟೆನ್ಷನ್ ಹಿಂದಿನ ಸಿಗರೇಟು ತಂದಿಟ್ಟದ್ದು. ಸೇದದ ಹುಡುಗ ದಿನವಿಡೀ ಪುಕ್ಕಟೆಯಾಗಿ ಯಾವ ಸ್ಥಿತಿಯಲ್ಲಿರುತ್ತಾನೋ ಅಲ್ಲಿಗೆ ತಲುಪಲು ಇವನು ಸೇದಬೇಕು. ನಾನು ಹುಡುಗರಿಗೆ ಹೇಳುವುದು, ನಸುಗುನ್ನಿ ಸವರಿಕೊಂಡು ಆಮೇಲೆ ಕೆರೆದುಕೊಳ್ಳುವ ಸುಖ ಇದು ಅಂತ. ನಗುತ್ತಾರೆ. ನಕ್ಕವರು ಮರೆಯುವುದಿಲ್ಲ. ಬಾಯಲ್ಲಿಟ್ಟು ಜಗಿಯುವ ತಂಬಾಕಿಗೂ, ಹಣ್ಣಿನ ಘಮದ ಇ-ಸಿಗರೇಟಿಗೂ ಇದೇ ಲೆಕ್ಕ. ದಾರಿ ಬೇರೆ, ಹೋಗಿ ಸೇರುವ ಮನೆ ಅದೇ.

ಮದ್ಯದ ವಿಷಯಕ್ಕೆ ಬರೋಣ. 1988ರಲ್ಲೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ, ತಂಬಾಕು ಇರುವ ಗುಂಪಿಗೇ. ಇದನ್ನು ಹೇಳಿ, ಆದರೆ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಹುಡುಗರಿಗೆ ತಟ್ಟುವುದು ಬೇರೆ. ಮದ್ಯ ಮಿದುಳಿನಲ್ಲಿ ಬೇಗನೆ ಮಂಕು ಮಾಡುವುದು ತೂಗಿ ನೋಡುವ ಶಕ್ತಿಯನ್ನು. ಕುಡಿದವನು 'ನನಗೇನೂ ಆಗಿಲ್ಲ, ಗಾಡಿ ಓಡಿಸ್ತೀನಿ' ಅನ್ನುವಾಗ ನಾಟಕ ಮಾಡುತ್ತಿರುವುದಿಲ್ಲ. ಆಗಿದೆಯೋ ಇಲ್ಲವೋ ಎಂದು ಅಳೆಯುವ ತಕ್ಕಡಿಯೇ ಕೆಟ್ಟಿರುತ್ತದೆ. ಯಕೃತ್ತು ಒಂದು ಅಳತೆ ಮದ್ಯ ಕರಗಿಸಲು ಸುಮಾರು ಒಂದು ಗಂಟೆ ತೆಗೆದುಕೊಳ್ಳುತ್ತದೆ. ಕಾಫಿ ಕುಡಿಸಿದರೆ, ತಣ್ಣೀರು ಸುರಿದರೆ ಆ ಗಂಟೆ ಮುಕ್ಕಾಲು ಗಂಟೆ ಆಗುವುದಿಲ್ಲ.

ಇಲ್ಲಿ ನಾನು ಒಂದು ಸಂಗತಿಯನ್ನು ಬಿಡದೆ ಹೇಳಿಕೊಡುತ್ತೇನೆ. ಗೆಳೆಯ ಕುಡಿದು ಎಚ್ಚರ ತಪ್ಪಿ ಬಿದ್ದರೆ ಏನು ಮಾಡಬೇಕು? ಹುಡುಗರು ಮಾಡುವುದು ಏನೆಂದರೆ, ಅಂಗಾತ ಮಲಗಿಸಿ, ಹೊದಿಸಿ, ಬಾಗಿಲು ಹಾಕಿ ಬರುತ್ತಾರೆ. 'ಮಲಗಿದ್ರೆ ಇಳಿಯುತ್ತೆ.' ಹೊಟ್ಟೆಯಲ್ಲಿ ಉಳಿದದ್ದು ಆಮೇಲೂ ರಕ್ತಕ್ಕೆ ಇಳಿಯುತ್ತಲೇ ಇರುತ್ತದೆ. ಅಂದರೆ ಮಲಗಿದ ಮೇಲೂ ಅಮಲು ಏರಬಹುದು. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಅದು ಶ್ವಾಸನಾಳಕ್ಕೆ ಹೋಗಿ ಉಸಿರು ಕಟ್ಟುತ್ತದೆ. ಮಗ್ಗುಲಾಗಿ ಮಲಗಿಸಿ. ಒಬ್ಬನೇ ಇರಲು ಬಿಡಬೇಡಿ. ಕರೆದರೂ ಅಲುಗಾಡಿಸಿದರೂ ಏಳದಿದ್ದರೆ, ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರಾಡಿದರೆ, ಎರಡು ಉಸಿರಿನ ನಡುವೆ ಹತ್ತು ಸೆಕೆಂಡ್ ಆದರೆ, ತುಟಿ ನೀಲಿಗಟ್ಟಿದರೆ ಆಂಬುಲೆನ್ಸ್ ಕರೆಯಿರಿ, ಮನೆಯಲ್ಲಿ ಬೈಸಿಕೊಳ್ಳುವುದು ಆಮೇಲೆ ನೋಡಿಕೊಳ್ಳೋಣ. ಇದನ್ನು ತರಗತಿಯಲ್ಲೇ ಒಬ್ಬ ಹುಡುಗನನ್ನು ಬೆಂಚಿನ ಮೇಲೆ ಮಲಗಿಸಿ ಮಾಡಿಸುತ್ತೇನೆ. ಒಬ್ಬ ಮುಖ್ಯೋಪಾಧ್ಯಾಯರು ಕೆಂಡವಾದರು. 'ಏನ್ ಮೇಷ್ಟ್ರೇ, ಕುಡಿಯೋದು ಹೇಳಿಕೊಡ್ತಿದ್ದೀರಾ?' ಅಂದರು. ಹಾವು ಕಚ್ಚಿದರೆ ಏನು ಮಾಡಬೇಕು ಅಂತಲೂ ಪಾಠ ಮಾಡುತ್ತೇವಲ್ಲ ಸಾರ್, ಅದನ್ನು ಕೇಳಿ ಯಾರೂ ಹಾವು ಹಿಡಿಯಲು ಹೋಗಿಲ್ಲ ಅಂದೆ. ಅವರಿಗೆ ಒಪ್ಪಿಗೆಯಾಗಲಿಲ್ಲ. ಆ ಶಾಲೆಗೆ ಮತ್ತೆ ಕರೆದಿಲ್ಲ.

ಮಾದಕ ವಸ್ತುಗಳ ಬಗ್ಗೆ ನಾನು ಕಲಿತ ಮೊದಲ ಪಾಠ, ಹೆಸರು ಕಡಿಮೆ ಹೇಳು. ಅದರಲ್ಲೂ ಮನೆಯಲ್ಲೇ ಸಿಗುವ, ಮೂಸುವ ವಸ್ತುಗಳ ಪಟ್ಟಿಯನ್ನು ಮಕ್ಕಳ ಮುಂದೆ ಬಿಚ್ಚಲೇಬೇಡಿ, ಅದು ಪೋಷಕರ ಸಭೆಗೆ ಇರಲಿ. ಮೂಸಿದ ಮೊದಲ ಸಲವೇ ಹೃದಯ ನಿಂತು ಸತ್ತವರಿದ್ದಾರೆ ಅಂತ ಪೋಷಕರಿಗೆ ಗೊತ್ತಿರಬೇಕು. ಎರಡನೆಯದು, ಸುಳ್ಳು ಸೇರಿಸಬೇಡ. 'ಒಂದು ಸಲ ಮುಟ್ಟಿದರೆ ಮುಗೀತು, ಯಾರೂ ಹೊರಗೆ ಬರಲ್ಲ' ಅಂತ ನಾವು ಹೇಳುತ್ತೇವೆ. ಮಕ್ಕಳಿಗೆ ಗಾಂಜಾ ಸೇದಿಯೂ ಆರಾಮಾಗಿ ಓಡಾಡಿಕೊಂಡಿರುವ ಯಾರೋ ಒಬ್ಬ ಗೊತ್ತಿರುತ್ತಾನೆ. ಆ ಒಂದು ಸುಳ್ಳು ಸಿಕ್ಕಿಬಿದ್ದರೆ ನಾವು ಹೇಳಿದ ಹತ್ತು ನಿಜವೂ ಹೋಯಿತು.

ನಿಜವೇ ಸಾಕಷ್ಟು ಗಟ್ಟಿಯಾಗಿದೆ. 1994ರಲ್ಲಿ ಪ್ರಕಟವಾದ ಅಮೆರಿಕದ ಒಂದು ಸಮೀಕ್ಷೆಯ ಲೆಕ್ಕ ನೋಡಿ: ಒಮ್ಮೆಯಾದರೂ ಗಾಂಜಾ ಸೇದಿದವರಲ್ಲಿ ಸುಮಾರು ಶೇ. 9 ಮಂದಿ ಚಟಕ್ಕೆ ಬಿದ್ದರು, ಮದ್ಯ ಕುಡಿದವರಲ್ಲಿ ಶೇ. 15, ಹೆರಾಯಿನ್ ತೆಗೆದುಕೊಂಡವರಲ್ಲಿ ಶೇ. 23. ಇಲ್ಲಿ ನಿಲ್ಲಿಸಿ, ತಂಬಾಕಿನದು ಎಷ್ಟಿರಬಹುದು ಅಂತ ಮಕ್ಕಳನ್ನೇ ಕೇಳಿ. ಐದು ಅನ್ನುತ್ತಾರೆ, ಹತ್ತು ಅನ್ನುತ್ತಾರೆ. ಶೇ. 32. ಮೂವರಲ್ಲಿ ಒಬ್ಬ. ತರಗತಿ ಒಂದು ಕ್ಷಣ ಸುಮ್ಮನಾಗುತ್ತದೆ. ಯಾವ ಹುಣ್ಣಿನ ಚಿತ್ರಕ್ಕೂ ನನಗೆ ಅಂಥ ಮೌನ ಸಿಕ್ಕಿಲ್ಲ. ಆಮೇಲೆ ಹೇಳಿ, ಯಾರು ಆ ಮೂರನೆಯವನು ಅಂತ ಮೊದಲೇ ಗೊತ್ತುಮಾಡುವ ರಕ್ತಪರೀಕ್ಷೆ ಇಲ್ಲ. ಹದಿಹರೆಯದಲ್ಲೇ ಶುರುಮಾಡಿದವರು ಆ ಗುಂಪಿಗೆ ಬೀಳುವ ಸಾಧ್ಯತೆ ಇನ್ನೂ ಹೆಚ್ಚು.

'ಗಾಂಜಾ ಬರೀ ಸೊಪ್ಪಲ್ವಾ ಸಾರ್, ನ್ಯಾಚುರಲ್ಲು' ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ತಂಬಾಕೂ ಸೊಪ್ಪೇ, ಅಫೀಮೂ ಗಿಡದ್ದೇ ಅನ್ನಿ. ಎಳೆ ವಯಸ್ಸಿನಲ್ಲಿ ಪದೇ ಪದೇ ಸೇದಿದರೆ ಕೆಲವರಲ್ಲಿ ಇಲ್ಲದ ದನಿ ಕೇಳಿಸುವ, ಎಲ್ಲರ ಮೇಲೂ ಅನುಮಾನ ಹುಟ್ಟುವ ಮನೋರೋಗದ ಅಪಾಯ ಹೆಚ್ಚುತ್ತದೆ, ಮನೆತನದಲ್ಲಿ ಅಂಥ ಕಾಯಿಲೆ ಇದ್ದರೆ ಇನ್ನೂ ಹೆಚ್ಚು. ಇಷ್ಟು ಹೇಳಿ ಸಾಕು.

ಇನ್ನು ಒಂದು ಆಟ. ಹೆಸರಿಲ್ಲದ ಚೀಟಿಯಲ್ಲಿ ಎರಡು ಪ್ರಶ್ನೆ: ನಿಮ್ಮ ತರಗತಿಯಲ್ಲಿ ಎಷ್ಟು ಜನ ಸೇದುತ್ತಾರೆ ಅಂತ ನಿಮ್ಮ ಊಹೆ? ನೀವು ಸೇದುತ್ತೀರಾ? ಊಹೆ ಹೆಚ್ಚುಕಡಿಮೆ ಯಾವಾಗಲೂ ನಿಜಕ್ಕಿಂತ ದೊಡ್ಡದಾಗಿ ಬರುತ್ತದೆ. 1986ರಲ್ಲಿ ಪರ್ಕಿನ್ಸ್, ಬರ್ಕೊವಿಟ್ಸ್ ಎಂಬಿಬ್ಬರು ಸಂಶೋಧಕರು ಕಾಲೇಜು ಹುಡುಗರ ಕುಡಿತದ ಬಗ್ಗೆ ಇದನ್ನೇ ತೋರಿಸಿದರು, ಬೇರೆಯವರು ಕುಡಿತವನ್ನು ಎಷ್ಟು ಒಪ್ಪುತ್ತಾರೆ ಎಂದು ಪ್ರತಿಯೊಬ್ಬನೂ ಹೆಚ್ಚಾಗಿಯೇ ಊಹಿಸಿಕೊಂಡಿರುತ್ತಾನೆ. ಸೇದುವವನು ಕಾಣುತ್ತಾನೆ, ಸೇದದವನು ಕಾಣುವುದಿಲ್ಲ. ಎಣಿಕೆ ಮುಗಿದು ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದಾಗ ಹಿಂದಿನ ಬೆಂಚಿನಲ್ಲಿ ಯಾರೋ 'ಅಯ್ಯೋ, ಅಷ್ಟೇನಾ!' ಅಂದರೆ ಆ ದಿನದ ಕೆಲಸ ಆಯಿತು. ಒಂದು ಎಚ್ಚರಿಕೆ, ನಿಜದ ಸಂಖ್ಯೆಯೇ ದೊಡ್ಡದಿದ್ದರೆ ಬೋರ್ಡಿಗೆ ಬರೆಯಬೇಡಿ. ಚೀಟಿ ಜೇಬಿಗೆ ಹಾಕಿಕೊಂಡು ಬೇರೆ ಪಾಠಕ್ಕೆ ಹೋಗಿ. ಒಮ್ಮೆ ನನಗೆ ಹಾಗಾಗಿದೆ.

ಬೇಡ ಅನ್ನುವುದನ್ನೂ ಅಭ್ಯಾಸ ಮಾಡಿಸಬೇಕು. ಗೋಡೆಯ ಮೇಲೆ 'ಬೇಡ ಎನ್ನಿ' ಅಂತ ಬರೆದರೆ ಬರುವುದಿಲ್ಲ. ಎದೆಯುಬ್ಬಿಸಿ 'ಮಾದಕ ವಸ್ತು ನನಗೆ ಬೇಡ' ಅಂತ ಗೆಳೆಯನ ಮುಂದೆ ಹೇಳುವ ಹುಡುಗ ನಾಟಕದಲ್ಲಿ ಮಾತ್ರ ಇರುತ್ತಾನೆ. ನಿಜವಾಗಿ ಕೆಲಸಕ್ಕೆ ಬರುವುದು ಜಾರಿಕೊಳ್ಳುವ ಮಾತು. 'ಇಲ್ಲ ಮಗಾ, ಬೆಳಿಗ್ಗೆ ಪ್ರಾಕ್ಟೀಸ್ ಇದೆ.' 'ನಂಗೆ ಆಗಲ್ಲ, ಕೆಮ್ಮು ಬರುತ್ತೆ.' ಇಬ್ಬಿಬ್ಬರನ್ನು ನಿಲ್ಲಿಸಿ ಆಡಿಸಿ. ಒಬ್ಬಳು ಹುಡುಗಿ ಕೊಟ್ಟ ಉತ್ತರ ನನಗೆ ಇವತ್ತಿಗೂ ಇಷ್ಟ. ಮೂರನೇ ಸಲ ಒತ್ತಾಯ ಮಾಡಿದವಳಿಗೆ ಅವಳು, 'ನಾನು ಸೇದಿಲ್ಲಾಂದ್ರೆ ನಿಂಗೇನೇ ಕಡಿಮೆಯಾಯ್ತು?' ಅಂದಳು. ಎದುರಿನವಳು ಬಾಯಿ ತೆರೆದವಳು ಹಾಗೇ ನಿಂತಳು. ನಾನು ಸಿದ್ಧಮಾಡಿಕೊಂಡು ಹೋಗಿದ್ದ ಏಳೆಂಟು ಉತ್ತರಗಳಲ್ಲಿ ಇದಕ್ಕೆ ಸಮನಾದದ್ದು ಒಂದೂ ಇರಲಿಲ್ಲ.

ಹುಡುಗರಿಗೆ ಬುದ್ಧಿಮಾತು ಹಿಡಿಸುವುದಿಲ್ಲ, ಆದರೆ ತಮ್ಮನ್ನು ಯಾರಾದರೂ ಮೂರ್ಖರನ್ನಾಗಿ ಮಾಡಿದರೆ ಮೈ ಉರಿಯುತ್ತದೆ. ಆ ಉರಿಯನ್ನು ಬಳಸಿಕೊಳ್ಳಿ. 1994ರ ಏಪ್ರಿಲ್ 14ರಂದು ಅಮೆರಿಕದ ಏಳು ತಂಬಾಕು ಕಂಪನಿಗಳ ಮುಖ್ಯಸ್ಥರು ಸಂಸತ್ತಿನ ಸಮಿತಿಯ ಮುಂದೆ ಸಾಲಾಗಿ ಕೂತು, ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುವುದಿಲ್ಲ ಎಂಬುದು ನಮ್ಮ ನಂಬಿಕೆ ಅಂದರು. ಅಂಥದೇ ಒಂದು ಕಂಪನಿಯ ವಕೀಲರು 1963ರಲ್ಲೇ ಒಳಗೊಳಗೆ ಬರೆದಿಟ್ಟಿದ್ದ ಟಿಪ್ಪಣಿ ಆಮೇಲೆ ಹೊರಬಿತ್ತು: ನಿಕೋಟಿನ್ ಚಟ ಹಿಡಿಸುತ್ತದೆ, ನಾವು ಮಾರುತ್ತಿರುವುದೇ ನಿಕೋಟಿನ್ ಎಂಬ ಅರ್ಥದ ಮಾತು. 31 ವರ್ಷದ ಅಂತರ. 1998ರಲ್ಲಿ ಫ್ಲೋರಿಡಾದಲ್ಲಿ ಹುಡುಗರನ್ನೇ ಮುಂದೆ ಬಿಟ್ಟು ಇದೇ ಸುಳ್ಳನ್ನು ಬಯಲಿಗೆಳೆಯುವ ಪ್ರಚಾರ ನಡೆಯಿತು. ಎರಡೇ ವರ್ಷದಲ್ಲಿ ಅಲ್ಲಿಯ ಶಾಲಾ ಮಕ್ಕಳಲ್ಲಿ ಸೇದುವವರು ಎದ್ದುಕಾಣುವಷ್ಟು ಕಡಿಮೆಯಾದರು.

ಮಾತಿನಿಂದ ಎಲ್ಲ ಆಗಿಬಿಡುತ್ತದೆ ಅಂತ ನಾನು ಹೇಳಿದರೆ ನಂಬಬೇಡಿ. ಐಸ್‌ಲ್ಯಾಂಡಿನಲ್ಲಿ 1998ರಲ್ಲಿ 15-16 ವಯಸ್ಸಿನವರಲ್ಲಿ ಶೇ. 42 ಮಂದಿ ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು ಶೇ. 5. ದಿನಾ ಸಿಗರೇಟು ಸೇದುವವರು ಶೇ. 23ರಿಂದ 3ಕ್ಕೆ ಇಳಿದರು. ಅವರು ಮಾಡಿದ್ದರಲ್ಲಿ ಭಾಷಣದ ಪಾಲು ಸಣ್ಣದು. ಸಂಜೆ ಹೊತ್ತು ಕ್ರೀಡೆ, ಸಂಗೀತಕ್ಕೆ ಹೋಗಲು ಮಕ್ಕಳಿಗೆ ಹಣ ಕೊಟ್ಟರು. ಪೋಷಕರು ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡು, ರಾತ್ರಿ ಮಕ್ಕಳು ಬೀದಿಯಲ್ಲಿ ಇರದಂತೆ ನೋಡಿಕೊಂಡರು. ಪ್ರತಿ ಶಾಲೆಯಲ್ಲೂ ಸಮೀಕ್ಷೆ ಮಾಡಿ ಫಲಿತಾಂಶವನ್ನು ಅದೇ ಶಾಲೆಗೆ ಬೇಗನೆ ವಾಪಸ್ಸು ಕೊಟ್ಟರು. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಸ್ನೇಹಿತರು ಇಲ್ಲಿ ಯಾರಾದರೂ ಇದ್ದರೆ ಇದನ್ನು ಗಮನಿಸಿ.

ಕೊನೆಯದಾಗಿ, ಈಗಾಗಲೇ ಶುರುಮಾಡಿರುವ ಮಗು. ನಿಮ್ಮ ಭಾಷಣ ಕೇಳಲು ಅವನೂ ಕೂತಿರುತ್ತಾನೆ. 'ಅಂಥವರು ಸಮಾಜಕ್ಕೆ ಕಳಂಕ' ಅಂತ ನೀವು ಅಂದ ಕ್ಷಣ ಅವನ ಪಾಲಿಗೆ ಬಾಗಿಲು ಮುಚ್ಚಿತು. ಟಿ.ಸಿ. ಕೊಟ್ಟು ಕಳಿಸಿದರೆ ಶಾಲೆಯ ಹೆಸರು ಉಳಿಯಬಹುದು, ಆದರೆ ಅವನಿಗೆ ಉಳಿಯುವುದು ಆ ಗೆಳೆಯರು ಮಾತ್ರ. ಅವನು ಸಭೆಯಲ್ಲಿ ಕೈ ಎತ್ತುವುದಿಲ್ಲ, ಡಬ್ಬಿಗೆ ಚೀಟಿಯನ್ನೂ ಹಾಕುವುದಿಲ್ಲ, ಅಕ್ಷರ ಗುರುತು ಸಿಕ್ಕೀತು ಅಂತ ಹೆದರಿಕೆ. ಅವನಿಗೋಸ್ಕರ ನಾನು ಕಂಡುಕೊಂಡ ಉಪಾಯ ಬಹಳ ಸಣ್ಣದು. ಮಾತು ಮುಗಿದ ಮೇಲೆ ಸ್ಟಾಫ್ ರೂಮಿನ ಚಹಾಕ್ಕೆ ಓಡುವುದಿಲ್ಲ. ಪ್ರೊಜೆಕ್ಟರಿನ ವಯರನ್ನು ಬೇಕಂತಲೇ ನಿಧಾನವಾಗಿ ಸುತ್ತುತ್ತ ನಿಲ್ಲುತ್ತೇನೆ. ಯಾರಾದರೂ ಬಂದೇ ಬರುತ್ತಾರೆ.

ಹೋದ ವರ್ಷ ಒಬ್ಬ ಬಂದ. 'ಸುತ್ತಿಕೊಡ್ಲಾ ಸಾರ್?' ಅಂದ. ಕೊಟ್ಟೆ. ಮೊಣಕೈಗೂ ಹೆಬ್ಬೆರಳಿಗೂ ನಡುವೆ ಹಾಕಿ ನೀಟಾಗಿ ಸುತ್ತತೊಡಗಿದ. ಅರ್ಧ ಆದಮೇಲೆ, ನನ್ನ ಮುಖ ನೋಡದೆ, 'ನನ್ನ ಫ್ರೆಂಡ್ ಒಬ್ಬ ಇದ್ದಾನೆ ಸಾರ್' ಅಂದ. ಫ್ರೆಂಡ್ ಅಂದಾಗ ನಾನು ಫ್ರೆಂಡ್ ಅಂತಲೇ ನಂಬುತ್ತೇನೆ, ನೀವೂ ನಂಬಿ. ಹೌದಾ, ಈಗ ಹೇಗಿದ್ದಾನೆ ಅವನು ಅಂತ ಕೇಳಿದೆ. ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿಂದ ಸುತ್ತಲು ಶುರುಮಾಡಿದ. ಐದು ಮೀಟರ್ ವಯರು. ಆ ದಿನ ಅದನ್ನು ಸುತ್ತಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು.